ಬೆಟ್ಟದ ಕಾಡಿನ ಹಸಿರು ಓತಿಕೇತ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚಿಕ್ಕಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಒಂದು ಭಾನುವಾರ ಸೋದರತ್ತೆಯ ಜೊತೆ ನಂದಿಬೆಟ್ಟಕ್ಕೆ ಹೋದಾಗ, ಮೇಲಿನ ಕಾಡಿನಲ್ಲಿ, ಪಾಚಿ ಹಿಡಿದ ಮರವೊಂದರ ಮೇಲೆ ಓತಿಕೇತ ಕಂಡಿತು. ಎಲೆಹಸಿರು ಮೈ, ಬಾಯಿಯ ಅಂಚಿನಿಂದ ಭುಜದವರೆಗೆ ಬಿಳಿ ಪಟ್ಟೆ. ನಮ್ಮೂರ ಬೇಲಿಗಳ ಮೇಲೆ ತಲೆಯಾಡಿಸುವ ಬೂದು ಓತಿಕೇತದ ಜಾತಿ ಇದಲ್ಲ ಅನ್ನಿಸಿತು.

ಹೆಡ್‌ಮಾಸ್ಟರಿಗೆ ಹೇಳಿದೆ. ಬೇಲಿಯದೇ ಇರಬೇಕು, ಬಣ್ಣ ಬದಲಾಯಿಸಿದೆ ಅಷ್ಟೆ ಎಂದರು. ನಾನು ಒಪ್ಪಲಿಲ್ಲ. ಹಾಗಾದರೆ ಹಿಡಿದು ತಾ ಎಂದು ಸ್ಪಿರಿಟ್ ತುಂಬಿದ ಅಗಲ ಬಾಯಿಯ ಸೀಸೆ ಕೊಟ್ಟರು.

ಮದುವೆಯಾಗದ ಹುಡುಗಿ ಒಬ್ಬಳೇ ಕಾಡು ಸುತ್ತುವುದು ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಅತ್ತೆಯೇ ಪ್ರತಿ ಭಾನುವಾರ ಜೊತೆಗೆ ಹೊರಟರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆ ಸೇರಿದ್ದ ಅವರು ಹಲ್ಲಿ ಕಂಡರೂ, ತಾವು ತೊಂಡ ಎಂದು ಕರೆಯುತ್ತಿದ್ದ ಓತಿಕೇತ ಕಂಡರೂ ಹೆದರುವವರು. ನಾಲ್ಕನೆಯ ವಾರ ಕಡ್ಡಿಯ ತುದಿಗೆ ಕುಣಿಕೆ ಕಟ್ಟಿ ಓತಿಕೇತವನ್ನು ಹಿಡಿದೆ. ಅಂಗೈಯಲ್ಲಿ ಅದರ ಎದೆ ಡವಡವ ಬಡಿಯುತ್ತಿತ್ತು. ದೂರ ನಿಂತಿದ್ದ ಅತ್ತೆ ಹತ್ತಿರ ಬಂದು ಅದರ ಉಬ್ಬಿದ ಹೊಟ್ಟೆ ನೋಡಿದರು.

"ಈ ತೊಂಡ ಬಸುರಿ ಕಣಮ್ಮ. ಸೀಸೆಗೆ ಹಾಕ್ಬೇಡ."

ಬಿಟ್ಟುಬಿಟ್ಟೆ. ಆದರೆ ಸೋಲೊಪ್ಪಲಿಲ್ಲ. ಕೊಲ್ಲದೆಯೇ ತೋರಿಸುತ್ತೇನೆ ಎಂದು ನಿಶ್ಚಯಿಸಿದೆ. ಮುಂದಿನ ವಾರದಿಂದ ಪೆನ್ಸಿಲ್, ಡ್ರಾಯಿಂಗ್ ಪುಸ್ತಕ ಹಿಡಿದು ಹೋದೆ. ಬೇಲಿಯದನ್ನೂ ಬೆಟ್ಟದ್ದನ್ನೂ ಅಕ್ಕಪಕ್ಕದ ಹಾಳೆಗಳಲ್ಲಿ ಬರೆದೆ: ತಲೆಯ ಆಕಾರ, ಮುಳ್ಳಿನ ಸಾಲು, ಹುರುಪೆ ವಾಲುವ ದಿಕ್ಕು. ಒಂದು ದಿನ ಅತ್ತೆ ಸದ್ದಿಲ್ಲದೆ ಬೆರಳು ತೋರಿಸಿದರು. ಮರದ ಬುಡದಲ್ಲಿ ಹಸಿರು ಓತಿಕೇತ ಮಣ್ಣು ಕೆದರಿ ಮೊಟ್ಟೆ ಇಡುತ್ತಿತ್ತು. ಆಮೇಲೆ ಗುಳಿ ಮುಚ್ಚಿ, ಮೂತಿಯಿಂದ ಒತ್ತಿ ಒತ್ತಿ ಸಮ ಮಾಡಿತು. ಅಷ್ಟು ಹೊತ್ತೂ ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

ಚಿತ್ರ ಸಾಕ್ಷಿಯಾಗದು ಎಂದರು ಹೆಡ್‌ಮಾಸ್ಟರು.

"ಹಾಗಾದ್ರೆ ನೀವೇ ಬಂದು ನೋಡಿ ಸಾರ್. ನಾನು ತೋರಿಸ್ತೀನಿ," ಎಂದೆ. ಅವರ ಮುಂದೆ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ.

ಮಂಡಿನೋವಿನ ಮನುಷ್ಯ, ಆದರೂ ಬಂದರು. ಮೊದಲ ಸಲ ಮಂಜು ಮುಸುಕಿ ಏನೂ ಕಾಣಲಿಲ್ಲ. ಇನ್ನೊಂದು ವಾರ ಬರಲೇಬೇಕೆಂದು ಹಟ ಹಿಡಿದೆ. ಎರಡನೆಯ ಸಲ, ಬಿಸಿಲು ಬಿದ್ದ ಕೊಂಬೆಯ ಮೇಲೆ ಅದು ಸುಮ್ಮನೆ ಕೂತಿತ್ತು. ಅವರು ನನ್ನ ಹಾಳೆಯನ್ನೂ ಅದನ್ನೂ ಮತ್ತೆ ಮತ್ತೆ ಹೋಲಿಸಿ ನೋಡಿದರು.

"ಇದು ಬೇರೇನೇ ಕಣಮ್ಮ. ನಾನು ನೋಡದೇನೇ ಮಾತಾಡಿಬಿಟ್ಟೆ."

ಸೋಮವಾರ ಎರಡೂ ಚಿತ್ರಗಳನ್ನು ಅವರೇ ತರಗತಿಯ ಗೋಡೆಗೆ ಅಂಟಿಸಿದರು. ನೋಡಿದ ಹುಡುಗಿಯರು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಎಂದು ದುಂಬಾಲು ಬಿದ್ದರು. ಮುಂದಿನ ಭಾನುವಾರ ಹನ್ನೊಂದು ಮಂದಿ ಹೊರಟೆವು. ಯಾರೂ ಕಲ್ಲು ಎತ್ತಬಾರದು, ಗದ್ದಲ ಮಾಡಬಾರದು ಎಂದು ಹೇಳುತ್ತಾ ಅತ್ತೆ ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತುತ್ತಿದ್ದರು.