ಮುಖ ಕೊಟ್ಟು ಮಾತಾಡು

ಗುಳಿಯ ಮುಖ ಮೊದಲ ಸಲ ಗೋಡೆಯಗಲದ ಪರದೆಯ ಮೇಲೆ ಮೂಡಿದಾಗ ತರಗತಿಯ ಉಳಿದ ಹತ್ತೊಂಬತ್ತು ಮಂದಿಯೂ ನಕ್ಕರು. ಪಾಪ, ಅವರದೂ ತಪ್ಪಿಲ್ಲ. ಅವಳು ಮಾಡಬೇಕಾಗಿದ್ದದ್ದು ಇಷ್ಟೇ: ಒಂದು ಕಾಗದ ಓದಬೇಕು, ಅದರಲ್ಲಿ ಕೆಟ್ಟ ಸುದ್ದಿ ಇರಬೇಕು. ಗುಳಿ ಓದಿದಳು. ಹುಬ್ಬು ಕೂದಲಿನ ಬುಡ ಮುಟ್ಟಿತು, ಕಣ್ಣು ಬಟ್ಟಲಾಯಿತು, ಕೆನ್ನೆ ಒಳಕ್ಕೆ ಹೋಯಿತು, ತುಟಿ ಜೋತುಬಿತ್ತು. ಅಂಗೈಯಗಲದ ಕಾಗದಕ್ಕೆ ಊರೇ ಮುಳುಗಿದಷ್ಟು ಗಾಬರಿ.

ಕ್ಯಾಮೆರಾ ಮೇಷ್ಟ್ರು ಮಾತ್ರ ನಗಲಿಲ್ಲ. ಚಿತ್ರ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಏನಮ್ಮ, ಪಕ್ಕದ ಬೀದಿಯವರಿಗೂ ಕಾಣ್ಲಿ ಅಂತ ಮಾಡಿದ್ಯಾ? ಕ್ಯಾಮೆರಾ ನಿನ್ನ ಮೂಗಿನ ತುದೀಲೇ ಇದೆ. ಕಡಿಮೆ ಮಾಡು."

ತೆರೆಯ ನಟನೆಗೆಂದೇ ಇದ್ದ ಮೂರು ವರ್ಷದ ಪದವಿ ಅದು. ಮೊದಲ ವರ್ಷ ಉಸಿರು, ಸ್ವರ, ನಡಿಗೆ. ಎರಡನೆಯ ವರ್ಷದಿಂದ ಕ್ಯಾಮೆರಾ. ಎರಡನೆಯ ವರ್ಷದ ಕೊನೆಗೆ ಒಬ್ಬೊಬ್ಬರೂ ನಾಲ್ಕು ನಿಮಿಷದ ಪರೀಕ್ಷಾ ಚಿತ್ರದಲ್ಲಿ ನಟಿಸಬೇಕು. ಅದರಲ್ಲಿ ಗೆದ್ದ ಹತ್ತು ಮಂದಿಗೆ ಮೂರನೆಯ ವರ್ಷದ ನಟನೆ. ಉಳಿದ ಹತ್ತು ಮಂದಿಗೆ ಸಿನಿಮಾ ಬಗ್ಗೆ ಪ್ರಬಂಧ ಬರೆಯುವ ವಿಭಾಗ, ಅಂದರೆ ಮರ್ಯಾದೆಯಿಂದ ಹೊರಗೆ ಕಳಿಸುವ ಬಾಗಿಲು. ಎರಡನೆಯ ವರ್ಷದ ಅರ್ಧಕ್ಕೆ ಬಂದರೂ ಗುಳಿಗೆ ಕಾಣುತ್ತಿದ್ದದ್ದು ಆ ಬಾಗಿಲೇ.

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಉದ್ದನೆಯದು. ಆದರೆ ಅವಳ ಅಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಇಲ್ಲ. ಅವಳಿಗೆ ಹೆಸರೆಂದರೆ ಬೆರಳಲ್ಲಿ ಹೇಳಲು ಬರುವಂಥದ್ದು. ಎಡಗೆನ್ನೆಯಲ್ಲಿ ಗುಳಿ ಬೀಳುವ ಕಡೆ ತೋರುಬೆರಳು ಒತ್ತಿದರೆ ಮಗಳು ಎಂದರ್ಥ. ಚಿಕ್ಕಮ್ಮ ಆ ಬೆರಳನ್ನು ಬಾಯಿಮಾತಿಗೆ ತಂದಳು, ಬೀದಿಯವರು ಅದನ್ನೇ ಹಿಡಿದುಕೊಂಡರು. ಅಪ್ಪ ಮಗು ನಡೆಯುವ ಮೊದಲೇ ತೀರಿಕೊಂಡಿದ್ದ. ಅಮ್ಮ ದೊಡ್ಡ ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಹಾಸಿಗೆಯ ದುಪ್ಪಟಿಗಳನ್ನು ಉಗಿಯ ಇಸ್ತ್ರಿಗೆ ಕೊಡುತ್ತಿದ್ದಳು. ಆ ಯಂತ್ರಗಳ ಗದ್ದಲಕ್ಕೆ ಉಳಿದವರು ಕಿವಿಗೆ ಹತ್ತಿ ತುರುಕಿಕೊಂಡು ಶಾಪ ಹಾಕುವಾಗ ಅಮ್ಮ ನೆಮ್ಮದಿಯಾಗಿ ದುಪ್ಪಟಿ ಕೊಡವುತ್ತ, ನಿಮಗೆ ಹಾಗೇ ಆಗಬೇಕು ಎಂದು ಮುಖದಲ್ಲೇ ಅಣಕಿಸುತ್ತಿದ್ದಳು.

ಅವರ ಮನೆಯ ಭಾಷೆ ಯಾವ ಶಾಲೆಯಲ್ಲೂ ಕಲಿಸಿದ್ದಲ್ಲ. ಅಮ್ಮ, ಮಗಳು, ಹಿಂದಿನ ಬೀದಿಯ ಚಿಕ್ಕಮ್ಮ, ಮೂರೇ ಜನಕ್ಕೆ ಗೊತ್ತಿದ್ದ ಭಾಷೆ. ಕೈ ಬರೀ ಪದ ಕೊಡುತ್ತಿತ್ತು, ಮಿಕ್ಕದ್ದೆಲ್ಲ ಮುಖದ ಕೆಲಸ. ಊಟ, ಆಯಿತು ಎಂದು ಕೈ ಹೇಳುವಾಗ ಹುಬ್ಬು ಮೇಲೆದ್ದರೆ ಪ್ರಶ್ನೆ. ಒಂದು ಕೆನ್ನೆ ಉಬ್ಬಿದರೆ ತಮಾಷೆ. ಹುಬ್ಬು ಗಂಟಾದರೆ ಗದರಿಕೆ. ಮುಖ ಸ್ವಲ್ಪವೂ ಅಲುಗದೆ ಸುಮ್ಮನಿದ್ದರೆ? ಅದು ಜಗಳ, ಅದೂ ಕಡು ಜಗಳ. ಗುಳಿಗೆ ಒಂಬತ್ತು ವರ್ಷವಾಗಿದ್ದಾಗ, ಹೇಳದೆ ಕೇಳದೆ ಗೆಳತಿಯ ಮನೆಯಲ್ಲಿ ಸಂಜೆವರೆಗೆ ಉಳಿದದ್ದಕ್ಕೆ ಅಮ್ಮ ಒಂದಿಡೀ ದಿನ ಮುಖ ಅಲುಗಿಸದೆ ಅನ್ನ ಬಡಿಸಿದ್ದಳು. ಎರಡೇಟು ಬಿಗಿದಿದ್ದರೆ ಹುಡುಗಿ ಮರೆತಾದರೂ ಬಿಡುತ್ತಿದ್ದಳು.

ಕಾಲೇಜಿನ ಸಂದರ್ಶನದಲ್ಲಿ, ಮಾತಿಲ್ಲದೆ ಏನಾದರೂ ಮಾಡಿ ತೋರಿಸು ಎಂದಾಗ, ಅಮ್ಮ ಬಸ್ಸಿನ ಕಂಡಕ್ಟರನ ಜೊತೆ ಜಗಳವಾಡುವುದನ್ನು ಗುಳಿ ಮಾಡಿ ತೋರಿಸಿದ್ದಳು. ಮೂವರು ಪರೀಕ್ಷಕರು ಹೊಟ್ಟೆ ಹಿಡಿದು ನಕ್ಕು ಸೀಟು ಕೊಟ್ಟಿದ್ದರು. ಯಾವ ಮುಖ ನೋಡಿ ಒಳಗೆ ಬಿಟ್ಟರೋ ಅದೇ ಮುಖ ನೋಡಿ ಈಗ ಹೊರಗೆ ಹಾಕುವವರಿದ್ದರು. ದೊಡ್ಡವರ ನ್ಯಾಯ ಹೀಗೇ ಇರುತ್ತದೆ, ಯಾರನ್ನು ಕೇಳುವುದು!

ಮೇಷ್ಟ್ರು ಕೆಟ್ಟವರೇನಲ್ಲ. ಒಂದು ದಿನ ಅವಳನ್ನು ಕರೆದು, ಗಾಯಕ್ಕೆ ಹಾಕುವ ಪಟ್ಟಿಯನ್ನು ಬೆರಳುದ್ದ ಕತ್ತರಿಸಿ, ಅವಳ ಎರಡು ಹುಬ್ಬುಗಳ ನಡುವಿನಿಂದ ಹಣೆಯ ಮೇಲಕ್ಕೆ ಅಂಟಿಸಿದರು.

"ಹುಬ್ಬು ಎತ್ತಿದಾಗೆಲ್ಲ ಇದು ಜಗ್ಗುತ್ತೆ. ಜಗ್ಗಿದ ತಕ್ಷಣ ಇಳಿಸು. ಬರೀ ಕ್ಲಾಸಲ್ಲಿ ಹಾಕ್ಕೊಂಡ್ರೆ ಸಾಲ್ದು, ಮನೇಲೂ ಹಾಕ್ಕೊ. ನಿನ್ನ ಕಾಯಿಲೆ ಇರೋದೇ ಮನೇಲಿ ಅನ್ಸುತ್ತೆ."

ಅವರಿಗೆ ಅಮ್ಮನ ವಿಷಯ ಗೊತ್ತಿರಲಿಲ್ಲ. ಗುಳಿ ಹೇಳಲೂ ಇಲ್ಲ. ಹೇಳಿದರೆ ತರಗತಿಯಲ್ಲಿ ಎಲ್ಲರೂ ಅಯ್ಯೋ ಪಾಪ ಎಂದಾರು, ಅಯ್ಯೋ ಪಾಪ ಎಂದವರು ಪಾತ್ರ ಕೊಡಲಾರರು ಎಂಬುದು ಅವಳ ಲೆಕ್ಕ.

ಮೊದಲ ದಿನ ಅಮ್ಮ ಆ ಪಟ್ಟಿ ಮುಟ್ಟಿ, "ಗಾಯವಾ?" ಎಂದು ಕೈಯಲ್ಲಿ ಕೇಳಿದಳು. "ಕಾಲೇಜಿನದು" ಎಂದಳು ಗುಳಿ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ನಕ್ಕಳು.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಿಮ್ಮ ಮೇಷ್ಟ್ರು ಬ್ಯಾಂಡೇಜಲ್ಲಿ ಓಡಿಸ್ತಾರಂತಾ?"

ಗಾದೆ ಸುಳ್ಳಾಯಿತು. ಮೂರು ವಾರ ಪಟ್ಟಿ ಜಗ್ಗಿತು, ನಾಲ್ಕನೆಯ ವಾರ ಜಗ್ಗುವುದು ಅಪರೂಪವಾಯಿತು, ಎರಡು ತಿಂಗಳಿಗೆ ಪಟ್ಟಿಯೇ ಬೇಡವಾಯಿತು. ಪರದೆಯ ಮೇಲೆ ಗುಳಿ ಸುಮ್ಮನೆ ಕೂತರೆ ತರಗತಿ ಉಸಿರು ಬಿಗಿ ಹಿಡಿದು ನೋಡುವಂತಾಯಿತು. "ನೋಡ್ರೋ, ಏನೂ ಮಾಡ್ತಿಲ್ಲ ಇವಳು. ಹಾಗಿರ್ಬೇಕು," ಎಂದು ಮೇಷ್ಟ್ರು ಬೆರಳು ತೋರಿಸಿದ ದಿನ ಅವಳು ನೆಲದ ಮೇಲೆ ನಡೆಯಲಿಲ್ಲ. ಪರೀಕ್ಷಾ ಚಿತ್ರಕ್ಕೆ ಒಳ್ಳೆಯ ಪಾತ್ರವೇ ಸಿಕ್ಕಿತು. ಮನೆಗೆ ಬಂದು ಆ ಸುದ್ದಿಯನ್ನು ಅಮ್ಮನಿಗೆ ಕೈಯಲ್ಲಿ ಹೇಳಿದಳು. ಅಮ್ಮ ಅವಳ ಕೈ ನೋಡಿದಳು, ಮುಖ ನೋಡಿದಳು, ತಲೆಯಾಡಿಸಿ ಒಲೆಯ ಕಡೆ ತಿರುಗಿದಳು. ದಣಿದಿರಬೇಕು ಅಂದುಕೊಂಡಳು ಗುಳಿ.

ಅಮ್ಮನ ಕಣ್ಣಿಗೆ ಪೊರೆಯಂಥದ್ದೇನೋ ಬರತೊಡಗಿ, ಕಣ್ಣಿನ ವೈದ್ಯರ ಬಳಿ ತೋರಿಸಬೇಕಾಗಿ ಬಂದದ್ದು ಆಗಲೇ. ಕಿವಿ ಇಲ್ಲದವಳಿಗೆ ಕಣ್ಣೂ ಕೈಕೊಟ್ಟರೆ ಗತಿಯೇನು? ಗುಳಿಗೆ ಮರುದಿನ ಚಿತ್ರದ ತಾಲೀಮು ಇತ್ತು. "ನಾಳೆ ಕಣ್ಣಿನ ಡಾಕ್ಟರ ಹತ್ರ ಒಬ್ಬಳೇ ಹೋಗ್ತೀಯಾ?" ಎಂದು ಕೈಯಲ್ಲಿ ಕೇಳಿದಳು. ಅಮ್ಮ ಹೂಂ ಎಂದು ತಲೆಯಾಡಿಸಿದಳು. ಸದ್ಯ, ನಿಭಾಯಿಸುತ್ತಾಳೆ ಎಂದು ಗುಳಿ ನಿರಾಳವಾಗಿ ತಾಲೀಮಿಗೆ ಹೋದಳು.

ಕಣ್ಣಿನ ಡಾಕ್ಟರ ಬಳಿ ಸರದಿಯನ್ನು ಕೂಗಿ ಕರೆಯುತ್ತಿದ್ದರು. ಅಮ್ಮ ಬೆಳಗ್ಗೆ ಎಂಟಕ್ಕೆ ಚೀಟಿ ಹಿಡಿದು ಬೆಂಚಿನ ಮೇಲೆ ಕೂತವಳು ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುವವರೆಗೂ ಕೂತೇ ಇದ್ದಳು. ಅವಳ ಸರದಿಯನ್ನು ಮೂರು ಸಲ ಕೂಗಿ ಬಿಟ್ಟಿದ್ದರಂತೆ. ಕಸ ಗುಡಿಸುವವಳು ಭುಜ ತಟ್ಟಿ ಎಬ್ಬಿಸಿದಳಂತೆ. ಸಂಜೆ ಗುಳಿ ಬಂದಾಗ ಚಿಕ್ಕಮ್ಮ ಮನೆಯಲ್ಲಿ ಸಿಡಿಮಿಡಿ ಎನ್ನುತ್ತಿದ್ದಳು.

"ಒಬ್ಬಳನ್ನೇ ಕಳಿಸೋಕೆ ನಿನಗೆ ಹೇಗೆ ಮನಸ್ಸು ಬಂತೇ?"

"ನಾನು ಕೇಳ್ದೆ ಚಿಕ್ಕಮ್ಮ. ಹೋಗ್ತೀಯಾ ಅಂತ ಕೇಳ್ದೆ. ಹೂಂ ಅಂದ್ಳು."

ಚಿಕ್ಕಮ್ಮ ಅಕ್ಕನ ಕಡೆ ತಿರುಗಿ ಕೈಯಲ್ಲಿ ಅದನ್ನೇ ಹೇಳಿದಳು. ಅಮ್ಮ ಇಲ್ಲವೆಂದು ತಲೆಯಾಡಿಸಿ ಗುಳಿಯನ್ನೇ ನೋಡುತ್ತ, ನಿನ್ನೆ ಮಗಳು ಹೇಳಿದ್ದನ್ನು ಇದ್ದಂತೆಯೇ ಮಾಡಿ ತೋರಿಸಿದಳು: ನಾಳೆ, ಕಣ್ಣು, ಡಾಕ್ಟರು, ನೀನು, ಒಬ್ಬಳೇ. ಹುಬ್ಬು ಏಳಲಿಲ್ಲ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಆಮೇಲೆ ಅವಳ ಸ್ವಂತ ಮುಖ ತಿರುಗಿ ಬಂದು, ಎಷ್ಟೋ ದಿನದಿಂದ ತಡೆದುಕೊಂಡಿದ್ದ ಪ್ರಶ್ನೆ ಬಂತು.

"ನಾನೇನು ತಪ್ಪು ಮಾಡ್ದೆ?"

"ನೋಡು, ನೀನು ಕೇಳ್ದೆ ಅಂತೀಯ, ಅವಳು ನೀನು ಅಪ್ಪಣೆ ಮಾಡ್ದೆ ಅಂತಾಳೆ," ಎಂದಳು ಚಿಕ್ಕಮ್ಮ. "ಎರಡು ತಿಂಗಳಾಯ್ತಂತೆ ನಿನಗೆ ಕೋಪ ಬಂದು. ಏನಕ್ಕೆ ಅಂತ ನನ್ನ ದಿನಾ ಕೇಳ್ತಾಳೆ, ನಾನೇನು ಹೇಳ್ಲಿ? ಹೆತ್ತವಳ ಹತ್ರ ಮುಖ ಕೊಟ್ಟು ಮಾತಾಡೇ ಮಾರಾಯ್ತಿ!"

ಕೋಪ ಇಲ್ಲ, ಇಲ್ಲವೇ ಇಲ್ಲ ಎಂದು ಗುಳಿ ಅಮ್ಮನ ಕೈ ಹಿಡಿದುಕೊಂಡಳು. ಚಿಕ್ಕಮ್ಮನಿಂದ ಹೇಳಿಸಿದಳು, ಇದು ಓದಿನ ಅಭ್ಯಾಸ ಎಂದು. ಅಮ್ಮ ನಂಬಿದಳೋ ಬಿಟ್ಟಳೋ, ಹೂಂ ಎಂದಳು. ಅಂದೇ ಗುಳಿ ಮುಖವನ್ನು ಬಿಚ್ಚಿಬಿಡಬೇಕಿತ್ತು. ಆದರೆ ಚಿತ್ರೀಕರಣಕ್ಕೆ ಹದಿನೈದು ದಿನ ಉಳಿದಿತ್ತು. ಹುಬ್ಬು ಮತ್ತೆ ಕುಣಿಯಿತೋ ಪಾತ್ರ ಬೇರೆಯವರಿಗೆ ಎಂದು ಮೇಷ್ಟ್ರು ಹೇಳಿಯಾಗಿತ್ತು. ಪರೀಕ್ಷೆಯೊಂದು ಮುಗಿಯಲಿ, ಅಮ್ಮ ಎಲ್ಲಿಗೆ ಹೋಗುತ್ತಾಳೆ, ಆಮೇಲೆ ಬೇಕಾದಷ್ಟು ಮುಖ ಕೊಟ್ಟರಾಯಿತು ಎಂದುಕೊಂಡಳು. ಎರಡನೆಯ ಸಲ ಕಣ್ಣು ತೋರಿಸಲು ಚಿಕ್ಕಮ್ಮ ಜೊತೆಗೆ ಹೋದಳು. ಕಣ್ಣಿಗೆ ಹನಿ ಕೊಟ್ಟರು. ಆ ಹನಿಯನ್ನು ದಿನವೂ ಗುಳಿಯೇ ಹಾಕುತ್ತಿದ್ದಳು. ಅಮ್ಮ ತಲೆ ಹಿಂದಕ್ಕೆ ವಾಲಿಸಿ, ತನ್ನ ಮೇಲೆ ಬಾಗಿದ ಆ ಸುಮ್ಮನಾದ ಮುಖವನ್ನು ರೆಪ್ಪೆ ಮುಚ್ಚದೆ ನೋಡುತ್ತಿದ್ದಳು.

ಚಿತ್ರ ಚೆನ್ನಾಗಿ ಬಂತು. ಒಬ್ಬ ಹೆಂಗಸು ಫೋನ್ ಎತ್ತಿಕೊಳ್ಳುತ್ತಾಳೆ. ಮಗ ಇನ್ನು ಬರುವುದಿಲ್ಲ ಎಂದು ಆಚೆಯವರು ಹೇಳುತ್ತಾರೆ. ಅವಳು ಸರಿ ಎಂದು ಫೋನ್ ಇಟ್ಟು, ತುಸು ಹೊತ್ತು ಕೂತಿದ್ದು, ಎದ್ದು ಕಿಟಕಿ ಮುಚ್ಚುತ್ತಾಳೆ. ಅಷ್ಟೇ. ಕಾಲೇಜಿನ ಸಭಾಂಗಣದಲ್ಲಿ ಒಂದು ಮಧ್ಯಾಹ್ನ ಮನೆಯವರನ್ನೆಲ್ಲ ಕರೆದು ಇಪ್ಪತ್ತು ಚಿತ್ರಗಳನ್ನೂ ತೋರಿಸಿದರು. ಗುಳಿಯದು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಇಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು. ಅಮ್ಮ ಪರದೆಯನ್ನು ನೋಡಿದಳು, ಅಳುವವರನ್ನು ನೋಡಿದಳು, ಚಿಕ್ಕಮ್ಮನ ತೋಳು ಚಿವುಟಿ ಕೇಳಿದಳು.

"ಆ ಹೆಂಗಸಿಗೆ ಯಾರ ಮೇಲೆ ಅಷ್ಟು ಕೋಪ?"

ಚಿಕ್ಕಮ್ಮ ಅಕ್ಕನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಪರದೆಯ ಕಡೆ ತಿರುಗಿದಳು.

ಹತ್ತು ಹೆಸರುಗಳಲ್ಲಿ ಗುಳಿಯದು ಎರಡನೆಯದು. ಮೇಷ್ಟ್ರು ಬಂದು ಅಮ್ಮನಿಗೆ ಕೈಮುಗಿದು ಏನೇನೋ ಹೊಗಳಿದರು. ಅಮ್ಮ ಅವರ ತುಟಿ ನೋಡುತ್ತ ಮುಖದ ತುಂಬ ನಕ್ಕಳು. ಆ ನಗು ಕಂಡು ಗುಳಿಗೆ ಇನ್ನು ತಡೆಯಲಾಗಲಿಲ್ಲ. ಅಮ್ಮನನ್ನು ಕೈ ಹಿಡಿದು ಹೊರಗಿನ ಮೆಟ್ಟಿಲ ಬಳಿಗೆ ಕರೆತಂದು ಎದುರಿಗೆ ನಿಂತಳು. ಅಮ್ಮ, ನನಗೆ ಕೋಪ ಬಂದಿರಲೇ ಇಲ್ಲ, ಎಲ್ಲ ಇದಕ್ಕಾಗಿ, ಇವತ್ತಿಗೆ ಮುಗಿಯಿತು, ನಿನಗೆ ಸಂತೋಷವಾಯಿತಾ ಎಂದು ಕೈಯಲ್ಲಿ ಹೇಳಿದಳು. ಹುಬ್ಬು ಎತ್ತಿದಳು. ಕಣ್ಣು ಅಗಲ ಮಾಡಿದಳು. ಕೆನ್ನೆ ಉಬ್ಬಿಸಿದಳು. ಎಲ್ಲವೂ ಬಂತು. ಆದರೆ ಮೊದಲೆಲ್ಲ ಮುಖ ಮುಂದೆ ಓಡುತ್ತಿತ್ತು, ಕೈ ಹಿಂದಿನಿಂದ ಬರುತ್ತಿತ್ತು. ಈಗ ಕೈ ಹೇಳಿ ಮುಗಿಸಿದ ಮೇಲೆ ಹುಬ್ಬು ಎದ್ದಿತು, ಅದೂ ಅವಳು ನೆನೆದು ಎಬ್ಬಿಸಿದ ಮೇಲೆ. ಅದು ಗುಳಿಗೂ ತಿಳಿಯಿತು. ಗಾಬರಿಯಾಗಿ ಹುಬ್ಬನ್ನು ಇನ್ನಷ್ಟು ಮೇಲಕ್ಕೆ ಎತ್ತಿದಳು.

ನಲವತ್ತೈದು ವರ್ಷ ಮುಖಗಳನ್ನೇ ಓದಿ ಬದುಕಿದವಳು ಅಮ್ಮ. ಮಗಳ ಹುಬ್ಬು, ಕೆನ್ನೆ, ತುಟಿಗಳನ್ನು ಒಂದೊಂದಾಗಿ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಯಾರ ಮನೆಯ ಹುಡುಗಿಯೋ ಕಷ್ಟಪಟ್ಟು ಏನೋ ಮಾಡಿ ತೋರಿಸಿದಾಗ ದೊಡ್ಡವರು ನಗುವ ಹಾಗೆ ಮೆತ್ತಗೆ ನಕ್ಕು, ಭುಜ ತಟ್ಟಿ, ಕೈಯಲ್ಲಿ ಹೇಳಿದಳು.

"ತುಂಬ ಚೆನ್ನಾಗಿ ನಟಿಸ್ತೀಯ."