ಉಂಡೆಯ ಮೇಲೆ ಉಂಡೆ

ಕಿಲಿಯಾನ್‌ಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕುಡಿದು ಕಾರು ಓಡಿಸಬಾರದು ಅಂತ ಕಾರನ್ನು ಮನೆಯಲ್ಲೇ ಬಿಟ್ಟು, ಬೀಗದಕೈಯನ್ನು ಹೆಂಡತಿ ಬುರ್ಗಿಗೆ ಒಪ್ಪಿಸಿ, ಸೈಕಲ್ಲು ತುಳಿದುಕೊಂಡು ಅಗ್ನಿಶಾಮಕ ದಳದ ಹಬ್ಬಕ್ಕೆ ಹೋದವನು ಅವನು. ಅಂಥವನ ಕಾರಿನ ಲೈಸೆನ್ಸನ್ನೇ ಸರ್ಕಾರ ಕಿತ್ತುಕೊಂಡಿತು. ಕದಿಯಬಾರದು ಅಂತ ಕೈ ಕಟ್ಟಿಕೊಂಡು ಕೂತವನಿಗೆ, ಕೈ ಯಾಕೆ ಕಟ್ಟಿಕೊಂಡೆ ಅಂತ ಬೇಡಿ ಹಾಕಿದ ಹಾಗೆ.

ಹಬ್ಬ ಮುಗಿಸಿ ವಾಪಸು ಬರುವಾಗ ಇನ್ನೂ ಬೆಳಕಿತ್ತು. ಮೂಸ್‌ವೀಸ್ ಊರಿನ ಕೆರೆ ತಿರುವಿನಲ್ಲಿ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಆದರೂ ಕಾನೂನು ಕಾನೂನೇ ಅಂತ ಎಡಗೈಯನ್ನು ನೆಟ್ಟಗೆ ಚಾಚಿ ಎಡಕ್ಕೆ ತಿರುಗಿದ. ಒಂದು ಕೈ ಬಿಟ್ಟದ್ದೇ ತಡ, ಸೈಕಲ್ಲು ಅವನನ್ನು ಚರಂಡಿಗೆ ಇಳಿಸಿತು. ಪೊಲೀಸರ ಗಾಡಿ ನಿಂತದ್ದು, ಪಾಪ, ಸಹಾಯಕ್ಕೇ. ಎತ್ತಿ ನಿಲ್ಲಿಸಿದರು, ಮಣ್ಣು ಕೊಡವಿದರು, ಆಮೇಲೆ ಕೊಳವೆಗೆ ಊದಿಸಿದರು. ಬಂದ ಅಂಕಿ ನೋಡಿ ಯಂತ್ರ ಕೆಟ್ಟಿರಬೇಕು ಅಂತ ಇನ್ನೊಮ್ಮೆ ಊದಿಸಿದರು. ಯಂತ್ರ ಚೆನ್ನಾಗಿಯೇ ಇತ್ತು.

"ಕೈ ತೋರಿಸದೆ ತಿರುಗಿದ್ರೆ ಬೀಳ್ತಾನೇ ಇರ್ಲಿಲ್ಲ. ಕಾನೂನು ಪಾಲಿಸಿ ಸಿಕ್ಕಿಬಿದ್ದೋನು ಈ ದೇಶದಲ್ಲಿ ನಾನೊಬ್ಬನೇ" ಅಂತ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಕುಡಿದವನ ಮಟ್ಟಿಗೆ ಅಲ್ಲಿನ ಕಾನೂನಿನಲ್ಲಿ ಸೈಕಲ್ಲೂ ಗಾಡಿಯೇ. ಜಿಲ್ಲಾ ಕಚೇರಿಯಿಂದ ಕಾಗದ ಬಂತು. ನಿಮ್ಮ ಮನಸ್ಸು ಗಾಡಿ ಓಡಿಸಲು ತಕ್ಕ ಸ್ಥಿತಿಯಲ್ಲಿದೆಯೇ ಎಂದು ಪರೀಕ್ಷೆ ಮಾಡಿಸಿ, ಇಂಥ ದಿನದೊಳಗೆ ವರದಿ ಕೊಡತಕ್ಕದ್ದು. ಊರಿನಲ್ಲಿ ಇದಕ್ಕೆ ಪೆದ್ದರ ಪರೀಕ್ಷೆ ಅನ್ನುತ್ತಾರೆ. ಕಿಲಿಯಾನ್ ಕಾಗದವನ್ನು ಒಲೆಗೆ ಹಾಕಿದ. ಒಲೆ ಕಾಗದವನ್ನು ಸುಟ್ಟಿತೇ ಹೊರತು ಗಡುವನ್ನು ಸುಡಲಿಲ್ಲ. ಲೈಸೆನ್ಸು ಹೋಯಿತು.

ಅವನ ಕೆಲಸ ಮರದ ಮಿಲ್ಲಿನಲ್ಲಿ, ಅಲ್ಲಿಗೆ ನಡೆದೇ ಹೋಗುತ್ತಿದ್ದ, ಅದಕ್ಕೇನೂ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಅವನು ಪ್ರಾಣವನ್ನೇ ಇಟ್ಟುಕೊಂಡಿದ್ದ ಇನ್ನೊಂದು ಕೆಲಸಕ್ಕೆ. ಊರಿನ ಬೆಂಕಿ ಆರಿಸುವ ಗಾಡಿಯ ಚಾಲಕ ಅವನು. ಸಂಬಳವಿಲ್ಲದ ಆ ಕೆಲಸಕ್ಕೆ ಅವನು ಸಂಬಳದ ಕೆಲಸ ಬಿಟ್ಟೂ ಓಡುತ್ತಿದ್ದ. ಹಳೆಯ ಗಾಡಿಯ ಬದಲು ಹೊಚ್ಚ ಹೊಸದು ಬರುವುದರಲ್ಲಿತ್ತು. ದೊಡ್ಡ ಗಾಡಿಯ ಲೈಸೆನ್ಸು ಊರಿನಲ್ಲಿ ಇನ್ನೊಬ್ಬನಿಗೆ ಮಾತ್ರ ಇತ್ತು. ಅವನು ಬುರ್ಗಿಯ ತಮ್ಮ ಸೆವೆರಿನ್. ಸೈರನ್ ಹಾಕಿಕೊಂಡು ಹೋಗುವಾಗಲೂ ಹಿಂದಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟುಕೊಡುವ ಮನುಷ್ಯ.

"ಅವನು ಹೋಗಿ ಸೇರೋ ಹೊತ್ತಿಗೆ ಬೆಂಕಿ ತಾನಾಗೇ ಬೇಜಾರಾಗಿ ಆರಿರುತ್ತೆ" ಅಂದ ಕಿಲಿಯಾನ್.

"ಹಾಗಾದ್ರೆ ಹೋಗಿ ಪರೀಕ್ಷೆ ಮಾಡಿಸ್ಕೊ" ಅಂದಳು ಬುರ್ಗಿ. ನೇರ ಪರೀಕ್ಷೆಗೆ ಹೋದರೆ ಫೇಲಾಗುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಪರೀಕ್ಷೆಗೆ ಹೇಗೆ ತಯಾರಾಗಬೇಕು ಅಂತ ಹೇಳಿಕೊಡುವ ಒಬ್ಬ ಮನಃಶಾಸ್ತ್ರಜ್ಞೆ ಪಟ್ಟಣದಲ್ಲಿದ್ದಳು. ಬುರ್ಗಿ ಅವಳ ಹತ್ತಿರ ಮೊದಲ ಭೇಟಿಗೆ ಸಮಯ ಗೊತ್ತುಮಾಡಿದಳು. ಅಂದರೆ ತಯಾರಿಗೆ ಮುಂಚಿನ ಮಾತುಕತೆ. ಆದರೆ ಮೂಸ್‌ವೀಸಿನವರು ಯಾವುದಕ್ಕೂ ತಯಾರಾಗದೆ ಹೋಗುವವರಲ್ಲ. ತಯಾರಿಯ ತಯಾರಿಗೂ ಒಂದು ತಯಾರಿ ಬೇಕಾಯಿತು.

ಅದು ನಡೆದದ್ದು ಝೆಂಜಿಯ ಬಿಯರ್ ಮನೆಯಲ್ಲಿ, ಒಲೆಯ ಪಕ್ಕದ ಖಾಯಂ ಮೇಜಿನಲ್ಲಿ. ಪ್ರತಿ ಗುರುವಾರ ಅದೇ ಗಂಡಸರು ಅದೇ ಕುರ್ಚಿಗಳಲ್ಲಿ ಕೂರುವ ಮೇಜು ಅದು. ಯಜಮಾನಿಕೆ ಗುಸ್ತಿಯದು. ಮುಂಚೆ ಅಗ್ನಿಶಾಮಕ ದಳದ ನಾಯಕನಾಗಿದ್ದ ಮುದುಕ ಕಟುಕ.

"ನನ್ನ ಷಡ್ಡಕ ಹೋಗಿದ್ದ ಕಣೋ ಆ ಪರೀಕ್ಷೆಗೆ" ಅಂದ ಗುಸ್ತಿ. "ಎರಡು ಚೆಂಡು ಕೊಡ್ತಾರಂತೆ. ಒಂದರ ಮೇಲೊಂದು ನಿಲ್ಲಿಸು ಅಂತಾರಂತೆ. ನಿಲ್ಲಲ್ಲ. ನಿನಗೆ ಸಿಟ್ಟು ಬರುತ್ತೋ ಇಲ್ವೋ ನೋಡೋದು ಅಷ್ಟೆ."

"ಹಾಗಾದ್ರೆ ಇವನ ಕಥೆ ಮುಗೀತು" ಅಂದಳು ಝೆಂಜಿ ಲೋಟ ಒರೆಸುತ್ತಾ. ಕಿಲಿಯಾನ್‌ಗೆ ಸಿಟ್ಟು ಮೂಗಿನ ತುದಿಯಲ್ಲಿರುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

ಚೆಂಡು ಇರಲಿಲ್ಲ. ಅಡಿಗೆಮನೆಯಲ್ಲಿ ಹಂದಿ ಮಾಂಸದ ಜೊತೆಗೆ ಬೇಯಿಸಿದ ಆಲೂಗಡ್ಡೆ ಉಂಡೆಗಳಿದ್ದವು. ಝೆಂಜಿ ಎರಡು ತಂದಿಟ್ಟಳು. ಗುಸ್ತಿ ಅವಳ ಕನ್ನಡಕ ಹಾಕಿಕೊಂಡು ಡಾಕ್ಟರಮ್ಮನಾದ.

"ಹೇಳಪ್ಪ ಕಿಲಿಯಾನ್, ಚಿಕ್ಕಂದಿನಲ್ಲಿ ನಿಮ್ಮಮ್ಮ ನಿನ್ನನ್ನ ಎತ್ತಿಕೊಳ್ತಿದ್ಲಾ?"

"ನಮ್ಮಮ್ಮನ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ."

"ತಪ್ಪು ಉತ್ತರ. ಉಂಡೆ ಜೋಡಿಸು."

ಮೊದಲ ಗುರುವಾರ ಉಂಡೆ ಉರುಳಿತು, ಕಿಲಿಯಾನ್ ಅದನ್ನು ಗೋಡೆಗೆ ಹೊಡೆದ. ಮುಂದಿನ ಗುರುವಾರ ಹೊಡೆಯಲಿಲ್ಲ, ತಿಂದುಬಿಟ್ಟ. ಇದು ದೊಡ್ಡ ಪ್ರಗತಿ ಅಂತ ಮೇಜು ತೀರ್ಮಾನಿಸಿತು. ತಪ್ಪು ಯಾರದ್ದು ಅಂತ ಕೇಳಿದರೆ "ಪೂರ್ತಿ ನಂದೇ" ಅನ್ನಬೇಕು ಅಂತ ಬಾಯಿಪಾಠ ಮಾಡಿಸಿದರು. ಪ್ರತಿ ಪಾಠಕ್ಕೂ ಮೇಜಿನವರಲ್ಲಿ ಒಬ್ಬೊಬ್ಬರು ಎಲ್ಲರಿಗೂ ಒಂದೊಂದು ಸುತ್ತು ಬಿಯರ್ ಕೊಡಿಸಿದರು. ಲೈಸೆನ್ಸು ಬಂದ ದಿನ ಎಲ್ಲಕ್ಕೂ ಸೇರಿಸಿ ಒಂದೇ ದೊಡ್ಡ ಸುತ್ತು ಕಿಲಿಯಾನ್ ಕೊಡಿಸತಕ್ಕದ್ದು. ಆ ಮೇಜಿಗೆ ಹಳೆಯ ನೇಮವೊಂದಿತ್ತು. ಕೊಡಿಸಿದವನು ತಾನೂ ಕೂತು ಅದೇ ಬಿಯರ್ ಕುಡಿಯಬೇಕು. ಕುಡಿಯದೆ ಕೊಡಿಸಿದರೆ ಅದು ದಾನ. ದಾನ ತಗೊಳ್ಳಲು ಅವರೇನು ಭಿಕ್ಷುಕರಲ್ಲ.

ಕೊನೆಯ ಗುರುವಾರ ಝೆಂಜಿ ಯಾರ ಜೊತೆಗೋ ಜಗಳ ಕಾಯುತ್ತಾ ಉಂಡೆಗಳನ್ನು ಹೆಚ್ಚು ಬೇಯಿಸಿಬಿಟ್ಟಳು. ಅವು ಅಂಟಂಟಾಗಿದ್ದವು. ಕಿಲಿಯಾನ್ ಒಂದರ ಮೇಲೊಂದು ಇಟ್ಟ. ನಿಂತಿತು. ಮೂರನೆಯದನ್ನು ಇಟ್ಟ. ಅದೂ ನಿಂತಿತು. ಗುಸ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಇನ್ನು ನಿನಗೆ ಕಲಿಸೋಕೆ ನನ್ನ ಹತ್ರ ಏನೂ ಉಳಿದಿಲ್ಲ" ಅಂದ.

ಭೇಟಿಯ ದಿನ ಪಟ್ಟಣಕ್ಕೆ ಕರೆದುಕೊಂಡು ಹೋಗಲು ಸೆವೆರಿನ್ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಕಿಲಿಯಾನ್ ತೊಡೆಯ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡು ಕೂತ. ಅವರ ಚೆಂಡು ಹೇಗಿರುತ್ತೋ ಏನೋ ಅಂತ ಝೆಂಜಿ ಎರಡು ಉಂಡೆ ಬೇಕಂತಲೇ ಹೆಚ್ಚು ಬೇಯಿಸಿ ಕೊಟ್ಟಿದ್ದಳು.

"ಬೆಲ್ಟು ಹಾಕ್ಕೊಳ್ಳಿ ಭಾವ."

"ನೀನು ಓಡಿಸೋ ವೇಗಕ್ಕೆ ಬೆಲ್ಟಲ್ಲಪ್ಪ, ಹಾಸಿಗೆ ಬೇಕು."

ಸೆವೆರಿನ್ ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟ.

ಮನಃಶಾಸ್ತ್ರಜ್ಞೆ ಪೇಟರ್ಸನ್ ಮೇಡಂ ಉತ್ತರದ ಕಡಲ ಕಡೆಯವಳು. ಮಾತು ಕಮ್ಮಿ, ಬಿಯರ್ ಅಂದರೆ ಊಟವಿದ್ದ ಹಾಗೆ, ಕುಡಿಯುವ ರೊಟ್ಟಿ ಅಂತ ತಿಳಿಯದ ಸೀಮೆ. ಯಾಕೆ ಬಂದಿರಿ ಹೇಳಿ ಅಂದಳು.

"ತಪ್ಪು ಪೂರ್ತಿ ನಂದೇ" ಅಂದ ಕಿಲಿಯಾನ್.

"ಯಾವ ತಪ್ಪು?"

ಇದಕ್ಕೆ ಗುಸ್ತಿ ಉತ್ತರ ಕಲಿಸಿರಲಿಲ್ಲ. ಕಿಲಿಯಾನ್ ಕೆಮ್ಮಿದ.

"ಈಗ ಕುಡೀತೀರಾ?"

"ಬಿಟ್ಟಿದ್ದೀನಿ."

"ಯಾವಾಗಿಂದ?"

"ಗುರುವಾರದಿಂದ."

"ಗುರುವಾರ ಏನಾಯ್ತು?"

"ಕೊನೇ ಪಾಠ. ನಿಮ್ಮ ಹತ್ರ ಬರೋಕೆ ತಯಾರಿ. ಝೆಂಜಿಯ ಬಿಯರ್ ಮನೇಲಿ."

"ಅಲ್ಲಿ ಎಷ್ಟು ಕುಡಿದ್ರಿ?"

ಕಿಲಿಯಾನ್ ಮುಂಗೋಪಿಯಾದರೂ ಸುಳ್ಳುಗಾರನಲ್ಲ. "ಪಾಠ ನಡೆಯುವಾಗಲಾ, ಮುಗಿದ ಮೇಲಾ?" ಅಂತ ಕೇಳಿದ.

ಅವಳು ಪೆನ್ನು ಕೆಳಗಿಟ್ಟಳು. ಕೆಲಸ ಕೆಡುತ್ತಿದೆ ಅಂತ ಅವನಿಗೆ ಅನ್ನಿಸಿತು. ಚೆಂಡು ಕೊಡುವ ಲಕ್ಷಣವೂ ಕಾಣಲಿಲ್ಲ. ಡಬ್ಬಿ ತೆರೆದು, ಅವಳ ಮೇಜಿನ ಮೇಲೆ ಒಂದು ಉಂಡೆ ಇಟ್ಟು, ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿ, ಕೈ ಕಟ್ಟಿಕೊಂಡು ಕೂತ. ಸಿಟ್ಟಿಲ್ಲದ ಮುಖ ಮಾಡಿದ.

ಪೇಟರ್ಸನ್ ಮೇಡಂ ಉಂಡೆಗಳನ್ನು ನೋಡಿದಳು, ಅವನನ್ನು ನೋಡಿದಳು. "ಚೆಂಡಿನ ಕಥೆ ಎಲ್ಲರೂ ಹೇಳ್ತಾರೆ" ಅಂದಳು. "ಅಂಥದ್ದು ಯಾವತ್ತೂ ಇರಲಿಲ್ಲ. ಮಾಡಿ ತೋರಿಸಿದೋರು ನೀವೇ ಮೊದಲು."

ಕಿಲಿಯಾನ್‌ನ ತಾಳ್ಮೆಯ ಕಟ್ಟೆ ಒಡೆಯಿತು. ಸೈಕಲ್ಲು, ಬೀಗದಕೈ, ಖಾಲಿ ರಸ್ತೆ ಎಲ್ಲ ಹೊರಗೆ ಬಂತು. "ಕುಡಿದು ತಲೆ ಕೆಟ್ಟಿದ್ರೆ ಕೈ ತೋರಿಸ್ತಿದ್ನಾ ನಾನು? ನೀವೇ ಹೇಳಿ."

"ಅದನ್ನೇ ಹೇಳೋಣ ಅಂತಿದ್ದೆ. ಅವತ್ತು ನಿಮ್ಮ ರಕ್ತದಲ್ಲಿದ್ದಷ್ಟು ನನ್ನ ರಕ್ತದಲ್ಲಿ ಇದ್ದಿದ್ರೆ ನನಗೆ ಸೈಕಲ್ಲೇ ಸಿಗ್ತಿರಲಿಲ್ಲ. ನೀವು ಹತ್ತಿದ್ರಿ, ಕೆರೆ ತನಕ ತುಳಿದ್ರಿ, ತಿರುವು ಬಂತು ಅಂತ ನೆನಪಿಟ್ಟು ಕೈ ತೋರಿಸಿದ್ರಿ. ಅದು ವರ್ಷಗಟ್ಟಲೆ ಕುಡಿದು ಅಭ್ಯಾಸವಾದ ದೇಹ. ನೀವು ಬಿದ್ದದ್ದಕ್ಕೆ ನನಗೆ ಭಯ ಇಲ್ಲ. ಕೈ ತೋರಿಸಿದ್ದಕ್ಕೆ ಭಯ."

ಇಷ್ಟು ದಿನ ಕಿಲಿಯಾನ್ ತನ್ನ ಸಾಕ್ಷಿ ಅಂತ ಹೊತ್ತು ತಿರುಗಿದ ಕೈ ಎದುರು ಪಕ್ಷಕ್ಕೆ ಸೇರಿತ್ತು. ಬಾಯಿಗೆ ಬಂದ ಬೈಗುಳವನ್ನು ಯಾರ ಮೇಲೆ ಹಾಕುವುದು ಅಂತ ತಿಳಿಯದೆ ನುಂಗಿಕೊಂಡ. ಮೇಲಿನ ಉಂಡೆ ಮೆಲ್ಲಗೆ ವಾಲಿತು. ಅವಳೇ ಬೆರಳು ಕೊಟ್ಟು ಅದನ್ನು ಸರಿಮಾಡಿದಳು.

"ಒಂದು ವರ್ಷ ಒಂದು ತೊಟ್ಟೂ ಇಲ್ಲ. ಆಮೇಲೂ ಬೇಡ. ಕೂದಲು ಪರೀಕ್ಷೆ ಮಾಡಿ ಸಾಬೀತು ಮಾಡ್ತಾರೆ" ಅಂದವಳು ಅವನ ಬೋಳು ತಲೆ ನೋಡಿ ತಡೆದಳು. "ನಿಮಗೆ ಮೂತ್ರ."

ಹಾಗಾಗಿ ಆ ವರ್ಷವೆಲ್ಲ ಪ್ರಯೋಗಶಾಲೆಯಿಂದ ನಾಳೆ ಬನ್ನಿ ಅಂತ ಹೊತ್ತಿಲ್ಲದ ಹೊತ್ತಿಗೆ ಕರೆ ಬರುವುದು, ಸೆವೆರಿನ್ ಕಾರು ತರುವುದು, ದಾರಿಯುದ್ದಕ್ಕೂ ಹೊಟ್ಟೆ ಕೆಳಗೆ ಭಾರ ಹೊತ್ತ ಕಿಲಿಯಾನ್ "ಸ್ವಲ್ಪ ಬೇಗ ಹೋಗಯ್ಯಾ" ಅನ್ನುವುದು, ಸೆವೆರಿನ್ "ಇಲ್ಲಿ ಐವತ್ತೇ ಭಾವ" ಅನ್ನುವುದು. ದಳದ ಹೊಸ ಗಾಡಿ ಬಂತು, ಸೆವೆರಿನ್ನೇ ಓಡಿಸಿದ. ಒಂದು ಹುಲ್ಲಿನ ಮೆದೆ ನಿಜಕ್ಕೂ ಅವನು ಸೇರುವ ಮೊದಲೇ ಆರಿಹೋಗಿತ್ತು. ಕಿಲಿಯಾನ್ ಸೇಬಿನ ರಸ ಕುಡಿದು ಹಲ್ಲು ಕಚ್ಚಿಕೊಂಡ.

ಪರೀಕ್ಷೆ ಪಾಸಾಯಿತು, ಲೈಸೆನ್ಸು ಬಂತು. ಸೆವೆರಿನ್ ಹೊಸ ಗಾಡಿಯ ಬೀಗದಕೈಯನ್ನು ಒರೆಸಿ ಕೈಗಿಟ್ಟ. ಅದೇ ಗುರುವಾರ ಕಿಲಿಯಾನ್ ಖಾಯಂ ಮೇಜಿಗೆ ಬಂದು, ಎಲ್ಲರಿಗೂ ಬಿಯರ್, ನನಗೆ ಸೇಬಿನ ರಸ ಅಂದ.

"ಇದು ಸುತ್ತಲ್ಲ" ಅಂದ ಗುಸ್ತಿ.

"ದುಡ್ಡು ನಂದೇ ತಾನೇ?"

"ದುಡ್ಡು ಯಾರು ಕೇಳಿದ್ರು? ನೀನು ಕುಡೀಬಾರದು, ನಾವು ದಾನ ತಗೋಬಾರದು. ಬಾಕಿ ಬಾಕಿಯಾಗೇ ಇರ್ಲಿ."

ಆ ಮೇಜಿನವರು ತುಂಬಿದ ಲೋಟಗಳನ್ನು ವಾಪಸು ಕಳಿಸಿದ್ದನ್ನು ಝೆಂಜಿ ಮೊದಲ ಸಲ ನೋಡಿದಳು. ಆಮೇಲೆ ತಮ್ಮ ತಮ್ಮ ದುಡ್ಡಿನಲ್ಲಿ ಅವೇ ಲೋಟಗಳನ್ನು ತರಿಸಿಕೊಂಡರು.

ಅಂದಿನಿಂದ ಗುರುವಾರ ಅವರನ್ನೆಲ್ಲ ಕಾರಿನಲ್ಲಿ ಮನೆ ಸೇರಿಸುವವನು ಕಿಲಿಯಾನೇ. ಕೆರೆ ತಿರುವಿನಲ್ಲಿ ತನ್ನ ಚರಂಡಿಯನ್ನು ತೋರಿಸಿ ಬೈಯುತ್ತಿದ್ದ, ಹಿಂದಿನ ಸೀಟಿನಿಂದ ಗುಸ್ತಿ "ಸುತ್ತು ಬಾಕಿಯಿದೆ ಕಣೋ" ಅನ್ನುತ್ತಿದ್ದ. ಹೋದ ಚಳಿಗಾಲ ಗುಸ್ತಿ ತೀರಿಕೊಂಡ. ಹಳೆಯ ನಾಯಕ ಅಂತ ಅವನ ಶವಪೆಟ್ಟಿಗೆಯನ್ನು ಹೊಸ ಗಾಡಿಯ ಮೇಲೇ ಒಯ್ದರು. ಓಡಿಸಿದವನು ಕಿಲಿಯಾನ್, ಸೆವೆರಿನ್‌ಗಿಂತಲೂ ನಿಧಾನವಾಗಿ. ಕೆರೆ ತಿರುವಿನಲ್ಲಿ ಎಡಬದಿಯ ತನ್ನ ಕಿಟಕಿ ಇಳಿಸಿ ಎಡಗೈಯನ್ನು ನೆಟ್ಟಗೆ ಚಾಚಿದ, ಇಂಡಿಕೇಟರ್ ಮಿನುಗುತ್ತಿದ್ದರೂ. ಹಿಂದಿನಿಂದ ಯಾರೂ ಬಾಕಿ ಕೇಳಲಿಲ್ಲ.