ಲೀಟರಿಗೊಂದು ಸಿರಿಂಜು

ನನ್ನಪ್ಪ ದನದ ಡಾಕ್ಟರು. ನಾವು ಬಸವೇಶ್ವರನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವರ ಆಸ್ಪತ್ರೆ ಕೆಂಗೇರಿಯಿಂದಾಚೆ ಹಳ್ಳಿಗಳ ನಡುವೆ ಇತ್ತು. ಅಲ್ಲಿನ ದಾರಿಗಳಿಗೆಂದೇ ಅಪ್ಪ ಒಂದು ಹಳೆಯ ಟ್ರಯಲ್ ಬೈಕು ಇಟ್ಟುಕೊಂಡಿದ್ದರು. ಹೈನುಗಾರಿಕೆಯ ಯಾವುದೋ ಯೋಜನೆಗೆ ಬಂದಿದ್ದ ವಿದೇಶಿ ತಜ್ಞರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋಗಿದ್ದು. ನಾನು ಬಿ.ಎಸ್ಸಿ. ಓದುತ್ತಿದ್ದ ಎಂಬತ್ತರ ದಶಕದ ನಡುವಿನ ಹೊತ್ತಿಗೇ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಮುಂದಿನ ಮಡ್‌ಗಾರ್ಡು ಚಕ್ರಕ್ಕಿಂತ ಒಂದು ಗೇಣು ಮೇಲೆ. ಹಳ್ಳ ದಾಟುವಾಗ ನೀರು ನುಗ್ಗಬಾರದೆಂದು ಸೈಲೆನ್ಸರು ಸೀಟಿನ ಪಕ್ಕಕ್ಕೇ ಎದ್ದು ನಿಂತಿತ್ತು. ಹ್ಯಾಂಡಲ್ಲು ಎಮ್ಮೆಯ ಕೊಂಬಿನಷ್ಟು ಅಗಲ. ನಮ್ಮ ಗೇಟಿನಲ್ಲಿ ಅದನ್ನು ನೇರವಾಗಿ ಒಳಗೆ ತರಲು ಆಗುತ್ತಲೇ ಇರಲಿಲ್ಲ, ಓರೆ ಮಾಡಿ ತೂರಿಸಬೇಕಿತ್ತು.

ಅದು ಟೂ ಸ್ಟ್ರೋಕ್ ಗಾಡಿ. ಅದರ ಇಂಜಿನ್ನಿಗೆ ಬೇರೆಯಾಗಿ ಎಣ್ಣೆ ಹಾಕುವ ಜಾಗ ಇರಲಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯೇ ಪಿಸ್ಟನ್ನು ಉಜ್ಜದಂತೆ ಕಾದು, ಕೊನೆಗೆ ತಾನೂ ಸುಟ್ಟು ಹೊಗೆಯಾಗಿ ಹೋಗುತ್ತದೆ. ಅಪ್ಪ ಅದನ್ನು ಅಳೆಯುತ್ತಿದ್ದದ್ದು ದನಗಳಿಗೆ ಬಳಸುವ ಐವತ್ತು ಎಂ.ಎಲ್.ನ ಗಾಜಿನ ಸಿರಿಂಜಿನಲ್ಲಿ. ತುದಿ ಸ್ವಲ್ಪ ಸೀಳು ಬಿಟ್ಟಿದ್ದರಿಂದ ಆಸ್ಪತ್ರೆಯ ಕೆಲಸದಿಂದ ಅದಕ್ಕೆ ಬಿಡುಗಡೆಯಾಗಿತ್ತು. ‘ಲೀಟರಿಗೊಂದು ಸಿರಿಂಜು’ ಎಂದು ಔಷಧಿ ಬರೆದುಕೊಟ್ಟ ಹಾಗೆ ಹೇಳುತ್ತಿದ್ದರು. ಅದರಲ್ಲಿ ಅರ್ಧ ಹಾಕಿದರೂ ಸಾಕು, ಹೊಗೆ ಕಡಿಮೆಯಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುವುದಿಲ್ಲ ಎಂದು ಬೈಕಿನ ಹುಚ್ಚಿದ್ದ ಹುಡುಗರು ಅವರಿಗೆ ಬುದ್ಧಿ ಹೇಳುತ್ತಿದ್ದರು. ದುಬಾರಿ ಪೆಟ್ರೋಲು ಹಾಕಿಸಿ ನೋಡಿ ಅನ್ನುತ್ತಿದ್ದರು. ಅಪ್ಪ ನಕ್ಕು, ಮತ್ತೆ ತಮ್ಮ ಸಿರಿಂಜನ್ನೇ ತುಂಬುತ್ತಿದ್ದರು. ಹಳೆಯ ಇಂಜಿನ್ನಿಗೆ ಮಾಮೂಲಿ ಪೆಟ್ರೋಲೇ ಸಾಕು, ಆದರೆ ಅದು ಶುದ್ಧವಾಗಿರಬೇಕು ಅನ್ನುವುದು ಅವರ ನಂಬಿಕೆ.

ಶುದ್ಧ ಪೆಟ್ರೋಲು ಸಿಗುವುದೇ ಕಷ್ಟವಾಗಿತ್ತು. ಸೀಮೆಎಣ್ಣೆ ಬೆರೆತದ್ದು ಹಾಕಿಸಿದ ದಿನ ಗಾಡಿ ಏರಿನಲ್ಲಿ ಟಣಟಣ ಎನ್ನುತ್ತಾ ಕುಂಟುತ್ತಿತ್ತು. ನಾನು ಕೆಮಿಸ್ಟ್ರಿ ಓದುತ್ತಿದ್ದೆನಲ್ಲ, ಅಪ್ಪನಿಗೊಂದು ಉಪಾಯ ಹೇಳಿಕೊಟ್ಟೆ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಪೆಟ್ರೋಲು ಹಾಕಿದರೆ ಎರಡು ನಿಮಿಷದಲ್ಲಿ ಆರಿಹೋಗಬೇಕು. ಜಿಡ್ಡಿನ ಕಲೆ ಉಳಿದರೆ ಕಲಬೆರಕೆ. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ, ಮನೆಗೆ ಬಂದವರಿಗೆಲ್ಲ ಮಗಳ ವಿದ್ಯೆಯನ್ನು ವರ್ಣಿಸತೊಡಗಿದರು. ನನಗೂ ಜಂಬ ಬಂತು.

ಆ ವರ್ಷ ಒಂದು ಎಮ್ಮೆ ಅಪ್ಪನ ಬಲಗೈಯನ್ನು ಕಂಬಕ್ಕೆ ಒತ್ತಿಬಿಟ್ಟಿತು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು, ಆರು ವಾರಕ್ಕೆ ಪ್ಲಾಸ್ಟರು ಬಿತ್ತು. ರಜೆ ಹಾಕಿ ಮನೆಯಲ್ಲಿ ಕುಳಿತ ಅಪ್ಪನನ್ನು ಹಳ್ಳಿಗಳವರು ಬಿಡಲಿಲ್ಲ. ಪಕ್ಕದ ಮನೆಯ ಫೋನಿಗೆ ಕರೆಗಳು ಬರುತ್ತಲೇ ಇದ್ದವು. ಮೂರನೆಯ ದಿನ ಅವರು ನನ್ನನ್ನು ಕರೆದು, ಗಾಡಿ ಓಡಿಸುವುದನ್ನು ಕಲಿಯುತ್ತೀಯಾ ಎಂದು ಕೇಳಿದರು. ಅಮ್ಮ ಅಡುಗೆಮನೆಯಿಂದಲೇ ಬೇಡವೆಂದರು. ಸೊಂಟ ಮುರಿದುಕೊಂಡರೆ ನಾಳೆ ಯಾರು ಕೇಳುತ್ತಾರೆ ಎಂದರು. ಅಪ್ಪ ಅಮ್ಮನಿಗೆ ಎದುರು ಹೇಳಲಿಲ್ಲ. ಸಂಜೆ ವಾಕಿಂಗ್ ಅಂತ ನನ್ನನ್ನು ಕರೆದುಕೊಂಡು ಹೊರಟರು, ಬೈಕನ್ನೂ ತಳ್ಳಿಸಿಕೊಂಡು.

ಬಡಾವಣೆಯಲ್ಲಿ ಆಗಿನ್ನೂ ಖಾಲಿ ಸೈಟುಗಳು ಬೇಕಾದಷ್ಟಿದ್ದವು. ಎಂಟು ದಿನ ಅಲ್ಲೇ ಸುತ್ತಿದೆ. ಅಪ್ಪ ಕಲಿಸಿದ ಮೊದಲ ಪಾಠ ವೇಗದ್ದಲ್ಲ, ಬ್ರೇಕಿನದ್ದೂ ಅಲ್ಲ. ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಬೇಕು, ನಿದ್ದೆಯಲ್ಲೂ ಇರಬೇಕು ಎಂದರು. ಇಂಜಿನ್ ಕಾದು ಒಳಗೆ ಪಿಸ್ಟನ್ನು ಹಿಡಿದುಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಗ ಉಳಿಸುವುದು ಆ ಎರಡು ಬೆರಳು ಮಾತ್ರ. ಕಲಿಯುವವರ ಲೈಸೆನ್ಸು ಕೈಗೆ ಬಂದ ದಿನ, ಬೇಡವೆಂದಿದ್ದ ಅಮ್ಮನೇ ನನ್ನ ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಸೊಂಟಕ್ಕೆ ಬಿಗಿದು, ಎರಡು ಪಿನ್ನು ಚುಚ್ಚಿ ಕಳಿಸಿದರು.

ಪ್ಲಾಸ್ಟರು ಬಿದ್ದ ಮೇಲಿನ ಮೂರನೆಯ ಭಾನುವಾರ ಬೆಳಿಗ್ಗೆ ಫೋನು ಬಂತು. ಕೆಂಗೇರಿಯ ಹಿಂದಿನ ಗುಡ್ಡದ ಕಡೆಯ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಹಸು ಹಸಿ ಸೊಪ್ಪು ಮಿತಿಮೀರಿ ತಿಂದು ಹೊಟ್ಟೆ ಉಬ್ಬರಿಸಿಕೊಂಡಿದೆ, ಬೇಗ ಬರಬೇಕು ಎಂದು ಹಾಲಿನ ಸೊಸೈಟಿಯವರು ಹೇಳಿದರು. ಅಜ್ಜಿಗೆ ಇದ್ದದ್ದು ಅದೊಂದೇ ಹಸು. ಹತ್ತು ನಿಮಿಷದಲ್ಲಿ ಹೊರಟೆವು. ಮೈಸೂರು ರಸ್ತೆಯ ಬಂಕಿನಲ್ಲಿ ಮೂರು ಲೀಟರ್ ಪೆಟ್ರೋಲು ಹಾಕಿಸಿದೆ. ಅಪ್ಪ ಅವಸರ ಮಾಡುತ್ತಿದ್ದರು. ನಾನು ಮಾತ್ರ ಬಿಡದೆ ಫಿಲ್ಟರ್ ಪೇಪರು ತೆಗೆದು, ಬಂಕಿನ ಪೈಪಿನಿಂದಲೇ ಒಂದು ಹನಿ ಹಾಕಿಸಿಕೊಂಡು ನಿಂತೆ. ಬಂಕಿನವನೂ ಹಿಂದೆ ನಿಂತಿದ್ದ ಸ್ಕೂಟರಿನವರೂ ನೋಡುತ್ತಿದ್ದರು. ಕಲೆ ಉಳಿಯಲಿಲ್ಲ. ಪೇಪರನ್ನು ಅವರಿಗೆಲ್ಲ ಎತ್ತಿ ತೋರಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿಕ್ ಹೊಡೆದು ಹೊರಟುಬಿಟ್ಟೆ.

ಕೆಂಗೇರಿ ದಾಟಿ ಮಣ್ಣಿನ ದಾರಿ ಹಿಡಿದ ಮೇಲೆ ಗಾಡಿ ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಓಡತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹೊಗೆಯೇ ಇಲ್ಲ. ಒಳ್ಳೆಯ ಪೆಟ್ರೋಲಿನ ಗುಣ ಎಂದುಕೊಂಡು ಹಿಗ್ಗಿದೆ. ಗುಡ್ಡದ ಏರಿನಲ್ಲಿ ಇಂಜಿನ್ನಿನ ಸದ್ದು ಸಣ್ಣಗೆ, ಕೀರಲಾಗಿ ಬದಲಾಯಿತು. ಇದೇನೆಂದು ಯೋಚಿಸುವಷ್ಟರಲ್ಲಿ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು. ನನ್ನ ಎರಡು ಬೆರಳು ತಾವಾಗಿಯೇ ಕ್ಲಚ್ಚು ಒತ್ತಿದವು. ಗಾಡಿ ಸದ್ದಿಲ್ಲದೆ ಒಂದೆರಡು ಮಾರು ಸಾಗಿ ದಾರಿಯ ಪಕ್ಕಕ್ಕೆ ನಿಂತಿತು.

ಅಪ್ಪ ಇಳಿದು ಇಂಜಿನ್ನಿನ ಹತ್ತಿರ ಕೈಯಾಡಿಸಿ ನೋಡಿದರು. ನಂತರ ನನ್ನ ಕಡೆ ತಿರುಗಿದರು.

“ಎಷ್ಟು ಸಿರಿಂಜ್ ಹಾಕ್ದೆ?”

ಪೇಪರಿನ ಪರೀಕ್ಷೆಯ ಸಡಗರದಲ್ಲಿ ಎಣ್ಣೆ ಹಾಕುವುದನ್ನೇ ಮರೆತಿದ್ದೆ. ಟ್ಯಾಂಕಿನ ತಳದಲ್ಲಿ ಹಿಂದಿನ ದಿನದ ಎಣ್ಣೆ ಬೆರೆತ ಪೆಟ್ರೋಲು ಒಂದಿಷ್ಟು ಉಳಿದಿದ್ದರಿಂದ ಇಷ್ಟು ದೂರ ಬಂದಿದ್ದೆವು. ಎಣ್ಣೆಯ ಡಬ್ಬಿಯನ್ನಾದರೂ ತಂದಿದ್ದೇನೆಯೇ ಎಂದು ಚೀಲ ಹುಡುಕಿದೆ. ಸಿರಿಂಜು ಇತ್ತು, ಡಬ್ಬಿ ಮನೆಯಲ್ಲೇ ಉಳಿದಿತ್ತು.

“ಅಪ್ಪ, ಮರ್ತೋದೆ,” ಅಂದೆ. ಅಳು ಬಂದುಬಿಟ್ಟಿತ್ತು.

“ಕ್ಲಚ್ ಹಿಡಿಯೋದು ಮರೀಲಿಲ್ವಲ್ಲ, ಅಷ್ಟು ಸಾಕು. ನಡಿ, ಹಸು ಕಾಯ್ತಾ ಇರತ್ತೆ.”

ಔಷಧಿ ಚೀಲ ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ನಡೆದೆವು. ಅಪ್ಪ ದಾರಿಯುದ್ದಕ್ಕೂ ಗಾಡಿಯ ಮಾತೆತ್ತಲಿಲ್ಲ. ನಾನು ಮಾತ್ರ, ಆ ಅರ್ಧ ಗಂಟೆಯಲ್ಲಿ ಹಸು ಸತ್ತರೆ ಅದು ನನ್ನ ಲೆಕ್ಕಕ್ಕೆ ಎಂದುಕೊಳ್ಳುತ್ತಾ ಓಡುವ ಹಾಗೆ ನಡೆದೆ.

ಹಸು ನಿಂತೇ ಇತ್ತು. ಎಡಹೊಟ್ಟೆ ತಮಟೆಯ ಹಾಗೆ ಬಿಗಿದು, ನಾಲಗೆ ಹೊರಗೆ ಬಂದಿತ್ತು. ಅಜ್ಜಿ ಅದರ ಕೊರಳು ತಬ್ಬಿಕೊಂಡು ನಿಂತಿದ್ದರು. ಅಪ್ಪ ಮನೆಯಲ್ಲಿರುವ ಎಣ್ಣೆ ತರಲು ಹೇಳಿದಾಗ ಅಜ್ಜಿ ಎರಡು ಬಾಟಲಿ ತಂದರು. ಒಂದರಲ್ಲಿ ಕಡಲೆಕಾಯಿ ಎಣ್ಣೆ, ಇನ್ನೊಂದರಲ್ಲಿ ಅವರೇ ಕಾಯಿಸಿ ತೆಗೆದ ಹರಳೆಣ್ಣೆ. ಅಪ್ಪ ಮೊದಲನೆಯದಕ್ಕೆ ತಮ್ಮ ಔಷಧಿ ಬೆರೆಸಿದರು. ನಾನು ಹಸುವಿನ ಮೂತಿ ಎತ್ತಿ ಹಿಡಿದೆ; ಅವರು ಎಡಗೈಯಲ್ಲಿ ಬಿದಿರಿನ ಗೊಟ್ಟ ಹಿಡಿದು ನಿಧಾನವಾಗಿ ಕುಡಿಸಿದರು. ಆಮೇಲೆ ಮೂವರೂ ಸರದಿಯಂತೆ ಅದರ ಹೊಟ್ಟೆ ನೀವಿದೆವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹಸು ಒಂದು ದೊಡ್ಡ ತೇಗು ಬಿಟ್ಟಿತು, ಹಿಂದೆಯೇ ಇನ್ನೊಂದು. ಅಜ್ಜಿ ಅಲ್ಲೇ ಜಗಲಿಯ ಮೇಲೆ ಕುಸಿದು ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡರು.

ಅಪ್ಪನ ಕಣ್ಣು ಈಗ ಹರಳೆಣ್ಣೆಯ ಬಾಟಲಿಯ ಮೇಲೆ ಬಿತ್ತು. ಅದನ್ನು ಗಾಡಿಗೆ ಕೊಡುತ್ತೀರಾ ಎಂದು ಅವರು ಕೇಳಿದಾಗ ಅಜ್ಜಿ ನನ್ನ ಮುಖ ನೋಡಿದರು.

“ಇದೇನವ್ವ, ನಿಮ್ಮ ಗಾಡಿಗೂ ಹೊಟ್ಟೆ ಕಟ್ಟೈತಾ?”

ಬೆಳಗಿನಿಂದ ಮೊದಲ ಬಾರಿಗೆ ನನಗೆ ನಗು ಬಂತು. ಅಪ್ಪ ಗಂಭೀರವಾಗಿ ವಿವರಿಸಿದರು. ಹಿಂದೆ ರೇಸಿನ ಗಾಡಿಗಳಿಗೆಲ್ಲ ಹರಳೆಣ್ಣೆಯನ್ನೇ ಹಾಕುತ್ತಿದ್ದರು, ಎಷ್ಟು ಕಾದರೂ ಅದು ಲೋಹವನ್ನು ಬಿಡುವುದಿಲ್ಲ, ಆದರೆ ಪೆಟ್ರೋಲಿನಲ್ಲಿ ಸುಲಭಕ್ಕೆ ಬೆರೆಯುವುದಿಲ್ಲ ಎಂದರು. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿ, ಬಾಟಲಿಯನ್ನೇ ನನ್ನ ಕೈಗೆ ಕೊಟ್ಟರು.

ನಾವು ಮರಳುವ ಹೊತ್ತಿಗೆ ಇಂಜಿನ್ನಿನ ಕಾವು ಆರಿತ್ತು. ಅಪ್ಪನ ಬಲಗೈ ಉಪಯೋಗಕ್ಕಿರಲಿಲ್ಲವಾದ್ದರಿಂದ ಅವರು ಹೇಳಿದ್ದನ್ನು ನಾನು ಮಾಡಿದೆ. ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಎರಡು ಚಮಚದಷ್ಟು ಹರಳೆಣ್ಣೆ ಬಿಟ್ಟೆ. ಕಿಕ್ಕನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿದೆ. ಮೊದಲು ಕಲ್ಲಿನ ಹಾಗಿತ್ತು. ಸ್ವಲ್ಪ ಹೊತ್ತಿಗೆ ಒಳಗೇನೋ ಸಡಿಲಾಗಿ ಜಾರಿತು. ಪ್ಲಗ್ಗು ಮತ್ತೆ ಕೂಡಿಸಿ, ಟ್ಯಾಂಕಿಗೆ ಹರಳೆಣ್ಣೆಯನ್ನು ಸಿರಿಂಜಿನಲ್ಲಿ ಅಳೆದು ಹಾಕಿ, ಇಬ್ಬರೂ ಗಾಡಿಯನ್ನು ತೊಟ್ಟಿಲಿನಂತೆ ಅತ್ತಿತ್ತ ತೂಗಿದೆವು. ಗಾಡಿ ನಾಲ್ಕನೆಯ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮನೆ ಸೇರುವವರೆಗೂ ಮೈಲಿಗೊಮ್ಮೆ ನಿಲ್ಲಿಸಿ, ಎಣ್ಣೆ ತಳಕ್ಕೆ ಇಳಿಯದಂತೆ ಹಾಗೆಯೇ ತೂಗುತ್ತಾ ಬಂದೆವು. ಹಿಂದೆ ಬರುತ್ತಿದ್ದ ಹೊಗೆಗೆ ಎಣ್ಣೆ ಸ್ನಾನದ ವಾಸನೆಯಿತ್ತು. ವಿಜಯನಗರದ ಬಸ್ ಸ್ಟಾಪಿನಲ್ಲಿ ಒಬ್ಬರು ಮೂಗರಳಿಸಿ ಸುತ್ತ ನೋಡಿದ್ದು ನೆನಪಿದೆ. ಬಾಗಿಲು ತೆರೆದ ಅಮ್ಮ ಇಬ್ಬರ ತಲೆಯನ್ನೂ ಮುಟ್ಟಿ ನೋಡಿದರು, ಎಲ್ಲಿಯೋ ಅಭ್ಯಂಜನ ಮಾಡಿಕೊಂಡು ಬಂದಿದ್ದೇವೆ ಎಂಬಂತೆ.

ಮಾರನೆಯ ದಿನ ಗಾಡಿಯನ್ನು ರಾಜಾಜಿನಗರದ ಶೆಡ್ಡಿನಲ್ಲಿದ್ದ ಮೆಕ್ಯಾನಿಕ್ಕಿನ ಹತ್ತಿರ ಒಯ್ದೆವು. ಅವನು ಸಿಲಿಂಡರು ಬಿಚ್ಚಿ ಪಿಸ್ಟನ್ನನ್ನು ಬೆಳಕಿಗೆ ಹಿಡಿದ. ಎರಡು ಉದ್ದನೆಯ ಗೀರು ಬಿದ್ದಿದ್ದವು. ಉಳಿದ ಭಾಗಕ್ಕೆ ಅರಗು ಹಚ್ಚಿದ ಹಾಗೆ ಕಂದು ಬಣ್ಣದ ಹೊಳಪು. ಏನು ಹಾಕಿದ್ದಿರಿ ಎಂದು ಕೇಳಿದ. ಹೇಳಿದಾಗ, ಅದು ಅಂಟಿಕೊಂಡು ರಿಂಗು ಹಿಡಿಯುವ ಮೊದಲೇ ಬಂದದ್ದು ಒಳ್ಳೆಯದಾಯಿತು, ಇನ್ನು ಮೇಲೆ ಅಂಗಡಿಯ ಎಣ್ಣೆಯನ್ನೇ ಹಾಕಿ ಎಂದ. ಗೀರನ್ನು ಸಣ್ಣ ಎಮರಿ ಕಾಗದದಲ್ಲಿ ತಿಕ್ಕಿ, ಎಲ್ಲವನ್ನೂ ಮತ್ತೆ ಜೋಡಿಸಿದ. ಏರಿನಲ್ಲಿ ಗಾಡಿಯ ಶಕ್ತಿ ಒಂದು ಗುಲಗಂಜಿಯಷ್ಟು ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತಿತ್ತು. ಅಪ್ಪ ಒಪ್ಪುತ್ತಿರಲಿಲ್ಲ. ನಾನು ಸುಮ್ಮನೆ ಕೊರಗುತ್ತಿದ್ದೇನೆ, ಗಾಡಿ ಚೆನ್ನಾಗಿಯೇ ಇದೆ ಎನ್ನುತ್ತಿದ್ದರು.

ಆರು ವಾರಕ್ಕೆ ಪ್ಲಾಸ್ಟರು ಬಿಚ್ಚಿದರು. ಸೋಮವಾರದಿಂದ ಅಪ್ಪ ತಾವೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋಗತೊಡಗಿದರು. ನಾನು ಮತ್ತೆ ಕಾಲೇಜಿನ ಬಸ್ಸು ಹಿಡಿದೆ, ಆಟ ಮುಗಿಯಿತು ಎಂದುಕೊಂಡೆ. ಭಾನುವಾರ ಯಾವುದೋ ಕರೆ ಬಂದಾಗ ಅಪ್ಪ ಗಾಡಿಯನ್ನು ಗೇಟಿನಿಂದ ಹೊರಗೆ ತಂದು, ಒಂದು ನಿಮಿಷ ನಿಂತು, ಮಣಿಕಟ್ಟು ನೀವಿಕೊಂಡರು. ಇನ್ನೂ ಸ್ವಲ್ಪ ನೋವಿದೆ, ನೀನೇ ಓಡಿಸು ಎಂದು ಹಿಂದಿನ ಸೀಟಿನಲ್ಲಿ ಕುಳಿತರು. ವಾರದ ಆರು ದಿನ ಕಾಣಿಸದ ಆ ನೋವು, ನನ್ನ ಮದುವೆಯಾಗುವವರೆಗೂ ಭಾನುವಾರಗಳಲ್ಲಿ ಮಾತ್ರ ಬರುತ್ತಿತ್ತು.